ವೈರದ ಉತ್ತರಾರ್ಧ: ‘ವುದರಿಂಗ್ ಹೈಟ್ಸ್’ ಮತ್ತು ರಟ್ಟರ ನಾಡಿನ ಪಾರ್ಶ್ವಕಥೆ

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿ 1847ರಲ್ಲಿ ಎಲ್ಲಿಸ್ ಬೆಲ್ ಎಂಬ ಗುಪ್ತನಾಮದಲ್ಲಿ ಪ್ರಕಟವಾಯಿತು. ಮರುವರ್ಷವೇ ಲೇಖಕಿ ತೀರಿಕೊಂಡಳು. ಅಂದಿನಿಂದ ಇಂದಿನವರೆಗೆ ಈ ಕೃತಿಯನ್ನು ಬಹುಪಾಲು ಓದುಗರು ಒಂದು ಪ್ರೇಮಕಥೆಯೆಂದೇ ನೆನಪಿಟ್ಟುಕೊಂಡಿದ್ದಾರೆ: ಬಿರುಗಾಳಿಯ ಬಯಲು, ಹೀತ್‌ಕ್ಲಿಫ್ ಮತ್ತು ಕ್ಯಾಥರೀನ್, ಸಾವಿನಾಚೆಗೂ ಬಿಡದ ಅನುರಾಗ. ಆದರೆ ಕೃತಿಯಲ್ಲಿರುವುದು 34 ಅಧ್ಯಾಯಗಳು. ಕ್ಯಾಥರೀನ್ ಸಾಯುವುದು 16ನೆಯ ಅಧ್ಯಾಯದಲ್ಲಿ. ನಾಯಕಿ ಮಣ್ಣಾದ ಮೇಲೂ ಅರ್ಧಕ್ಕಿಂತ ಹೆಚ್ಚು ಕಥೆ ಉಳಿದಿರುತ್ತದೆ. ಆ ಉಳಿದ ಭಾಗದಲ್ಲಿ ಪ್ರೇಮವಿಲ್ಲ, ವೈರವಿದೆ. ಅದು ಮುಂದಿನ ಪೀಳಿಗೆಯ ಮಕ್ಕಳ ಮೇಲೆ ಇಳಿಯುವ ಬಗೆಯ ವರ್ಣನೆಯಿದೆ. 1939ರಲ್ಲಿ ವಿಲಿಯಂ ವೈಲರ್ ನಿರ್ದೇಶಿಸಿದ ಪ್ರಸಿದ್ಧ ಚಲನಚಿತ್ರ ಈ ಉತ್ತರಾರ್ಧವನ್ನು ಪೂರ್ತಿಯಾಗಿ ಕೈಬಿಟ್ಟಿತು. ಅದರ ನಂತರ ಸಾಮಾನ್ಯ ಓದುಗರ ಮನಸ್ಸಿನಿಂದಲೂ ಅದು ಬಹುಮಟ್ಟಿಗೆ ಜಾರಿಹೋಯಿತು.

ಇದನ್ನು ಇಂಗ್ಲಿಷ್ ಓದುಗರ ದೋಷವೆಂದು ತಳ್ಳಿಹಾಕುವಂತಿಲ್ಲ. ನಾವು ಕನ್ನಡದಲ್ಲಿಯೂ ಅದನ್ನೇ ಮಾಡುತ್ತಿದ್ದೇವೆ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ನಮ್ಮ ತರಗತಿಗಳಲ್ಲಿ ಎಲ್ಲಿಯವರೆಗೆ ಓದಲ್ಪಡುತ್ತದೆ? ನಸುಕಿನಲ್ಲಿ ಕೇಳಿಬಂದ ಮಾವುತನ ಹಾಡಿಗೆ ಅಮೃತಮತಿ ಮನಸೋಲುವವರೆಗೆ. ಹೆಚ್ಚೆಂದರೆ ಹಿಟ್ಟಿನ ಕೋಳಿಯ ಬಲಿಯವರೆಗೆ. ಅಲ್ಲಿಂದ ಮುಂದಿನ ಭವಾವಳಿ, ಅಂದರೆ ತಾಯಿಮಗ ಪ್ರಾಣಿಜನ್ಮಗಳಲ್ಲಿ ಮರಳಿ ಮರಳಿ ಹುಟ್ಟಿ ಸಾಯುವ ಸರಣಿ, ‘ಧಾರ್ಮಿಕ ಭಾಗ’ವೆಂಬ ಹಣೆಪಟ್ಟಿ ಹೊತ್ತು ಸಾರಾಂಶದ ನಾಲ್ಕು ಸಾಲುಗಳಿಗೆ ಇಳಿಯುತ್ತದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವೂ ಆ ಒಂದು ರಾತ್ರಿಯನ್ನೇ ಆರಿಸಿಕೊಂಡಿತು. ನಾಟಕಕಾರನಿಗೆ ಆ ಸ್ವಾತಂತ್ರ್ಯವಿದೆ. ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲ. ಎರಡೂ ಕೃತಿಗಳಲ್ಲಿ ಪೂರ್ವಾರ್ಧ ಒಂದು ಪ್ರಶ್ನೆಯನ್ನು ಎತ್ತುತ್ತದೆ. ಉತ್ತರಾರ್ಧವನ್ನು ಓದದವನು ಆ ಪ್ರಶ್ನೆಯನ್ನೇ ಉತ್ತರವೆಂದು ಭ್ರಮಿಸುತ್ತಾನೆ. ಇದು ಈ ಲೇಖನದ ಪ್ರತಿಪಾದನೆ.

ಈ ಪ್ರತಿಪಾದನೆಗೆ ಆಧಾರವಾಗಿ ನಾನು ಆರಿಸಿಕೊಳ್ಳುವುದು ಬೆಳಗಾವಿ ಜಿಲ್ಲೆಯ ಮಣ್ಣಿಗೆ ಸೇರಿದ ಒಂದು ಕೃತಿಯನ್ನು. ಸವದತ್ತಿ, ಶಾಸನಗಳ ಸುಗಂಧವರ್ತಿ, ರಟ್ಟರ ರಾಜಧಾನಿಯಾಗಿತ್ತು. 980ರಲ್ಲಿ ರಟ್ಟ ಶಾಂತಿವರ್ಮನು ಇಲ್ಲಿ ಜಿನಾಲಯವನ್ನು ಕಟ್ಟಿಸಿ ಭೂಮಿಯನ್ನು ಬಿಟ್ಟುದು ಶಾಸನೋಕ್ತ. ಮುಂದೆ ರಾಜಧಾನಿ ವೇಣುಗ್ರಾಮಕ್ಕೆ, ಇಂದಿನ ಬೆಳಗಾವಿಗೆ, ಸಾಗಿತು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಅಲ್ಲಿ ಕಟ್ಟಿಸಿದ ಕಮಲಬಸದಿ ಇಂದಿಗೂ ನಿಂತಿದೆ. ಇದೇ ಕಾರ್ತವೀರ್ಯನ ಆಶ್ರಯದಲ್ಲಿದ್ದ ಕವಿ ಪಾರ್ಶ್ವಪಂಡಿತ. ಅವನ ಕೃತಿ ‘ಪಾರ್ಶ್ವನಾಥ ಪುರಾಣ’. 13ನೆಯ ಶತಮಾನದ ಆರಂಭದ ಈ ಚಂಪೂಕಾವ್ಯವನ್ನು ಸಾಹಿತ್ಯಚರಿತ್ರೆಗಳು ಹೆಸರಿಸುತ್ತವೆ. ಆ ಹೆಸರಿನಾಚೆಗೆ ಅದನ್ನು ಓದಿದವರು ಸವದತ್ತಿ, ಬೈಲಹೊಂಗಲಗಳಲ್ಲಿಯೇ ವಿರಳ.

ಪಾರ್ಶ್ವನ ಕಥೆಯ ಬೀಜ ಒಂದು ಮನೆಯೊಳಗಿನ ಅನುಚಿತ ಅನುರಾಗ. ಪರಂಪರೆಯ ನಿರೂಪಣೆಯಂತೆ ಪೌದನಪುರದ ಅರವಿಂದರಾಜನ ಮಂತ್ರಿಗೆ ಇಬ್ಬರು ಮಕ್ಕಳು, ಕಮಠ ಮತ್ತು ಮರುಭೂತಿ. ಮರುಭೂತಿ ಅರಸನೊಡನೆ ದಂಡಯಾತ್ರೆಗೆ ಹೋದಾಗ ಅಣ್ಣ ಕಮಠ ತಮ್ಮನ ಹೆಂಡತಿ ವಸುಂಧರಿಯನ್ನು ಕೂಡುತ್ತಾನೆ. ಅರಸ ಕಮಠನನ್ನು ಅವಮಾನಿಸಿ ಗಡೀಪಾರು ಮಾಡುತ್ತಾನೆ. ಕಮಠ ಬೆಟ್ಟವೇರಿ, ಕೈಗಳಲ್ಲಿ ಬಂಡೆಯನ್ನು ಎತ್ತಿ ಹಿಡಿದು ತಪಸ್ಸಿಗೆ ನಿಲ್ಲುತ್ತಾನೆ. ಅಣ್ಣನಿಗಾದ ದುರ್ಗತಿಗೆ ತಾನೇ ಕಾರಣನೆಂದು ನೊಂದ ಮರುಭೂತಿ ಕ್ಷಮೆ ಬೇಡಲು ಹೋಗಿ ಕಾಲಿಗೆರಗುತ್ತಾನೆ. ಕಮಠ ಆ ಬಂಡೆಯನ್ನೇ ಅವನ ತಲೆಯ ಮೇಲೆ ಹಾಕಿ ಕೊಲ್ಲುತ್ತಾನೆ. ಇಲ್ಲಿಂದ ಭವಾವಳಿ ತೊಡಗುತ್ತದೆ. ಮರುಭೂತಿ ಆನೆಯಾದರೆ ಕಮಠ ಕುಕ್ಕುಟಸರ್ಪ. ಮುಂದೊಮ್ಮೆ ಒಬ್ಬ ವಿದ್ಯಾಧರ ಮುನಿ, ಇನ್ನೊಬ್ಬ ಹೆಬ್ಬಾವು. ಮತ್ತೊಮ್ಮೆ ಒಬ್ಬ ಚಕ್ರವರ್ತಿಯಾಗಿದ್ದು ಮುನಿಯಾದವನು, ಇನ್ನೊಬ್ಬ ಬೇಡ. ಮತ್ತೂ ಒಮ್ಮೆ ಮುನಿ ಮತ್ತು ಸಿಂಹ. ಕೊನೆಗೆ ಮರುಭೂತಿಯ ಜೀವ ಪಾರ್ಶ್ವನಾಗಿ ಧ್ಯಾನಕ್ಕೆ ನಿಂತಾಗ ಕಮಠನ ಜೀವ ಶಂಬರನೆಂಬ ದೇವನಾಗಿ ಏಳು ದಿನ ಮಳೆಗಲ್ಲುಗಳನ್ನು ಸುರಿಸುತ್ತದೆ. ಧರಣೇಂದ್ರ, ಪದ್ಮಾವತಿಯರು ಹೆಡೆ ಮತ್ತು ಕೊಡೆಗಳನ್ನು ಹಿಡಿಯುತ್ತಾರೆ. ಪಾರ್ಶ್ವನು ಎದುರಾಡುವುದೂ ಇಲ್ಲ, ಅಲುಗುವುದೂ ಇಲ್ಲ. ಶಂಬರನು ಉಪಶಾಂತನಾಗಿ ಶರಣಾಗುತ್ತಾನೆ.

ಈ ಕಥೆ ಮಲಪ್ರಭಾ ಕಣಿವೆಗೆ ಪಾರ್ಶ್ವಪಂಡಿತನೊಡನೆ ಬಂದುದಲ್ಲ. ಕಿತ್ತೂರು, ಬೈಲಹೊಂಗಲ ಸೀಮೆಗಳನ್ನು ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿ, ರಾಮದುರ್ಗವನ್ನು ದಾಟಿ ಬಾದಾಮಿ, ಐಹೊಳೆಗಳ ಕಡೆಗೆ ಹರಿಯುವ ಈ ನದಿಯ ಕೆಳಹರಿವಿನಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಇದನ್ನು ಅದಾಗಲೇ ಕಲ್ಲಿನಲ್ಲಿ ಕಂಡರಿಸಿದ್ದರು. ಐಹೊಳೆಯ ಜೈನ ಗುಹೆಯ ಪಾರ್ಶ್ವಶಿಲ್ಪದಲ್ಲಿ ಮೇಲೆ ಆಕ್ರಮಣಕ್ಕೆ ಬಂದ ಆಕೃತಿಯಿದೆ, ಕೆಳಗೆ ಮಣಿದು ಕುಳಿತ ಆಕೃತಿಯಿದೆ. ವೈರ ಮತ್ತು ಅದರ ವಿರಾಮ ಎರಡೂ ಒಂದೇ ಬಂಡೆಯಲ್ಲಿವೆ. ಶಿಲ್ಪಿ ಉತ್ತರಾರ್ಧವನ್ನು ಬಿಟ್ಟಿಲ್ಲ.

ಪ್ರೇಮ ಮತ್ತು ವೈರ ಒಂದೇ ಗಿಡದ ಎರಡು ಕವಲುಗಳೆಂಬ ಅರಿವೂ ನಮ್ಮ ಪರಂಪರೆಗೆ ಹೊಸದಲ್ಲ. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ‘ಪಾರ್ಶ್ವಾಭ್ಯುದಯ’ವನ್ನು ರಚಿಸಿದರು. ಕಾಳಿದಾಸನ ‘ಮೇಘದೂತ’ದ ಪಾದಗಳನ್ನು ತಮ್ಮ ಪದ್ಯಗಳಲ್ಲಿ ಸೇರಿಸಿಕೊಳ್ಳುತ್ತ ಹೋದ ಸಮಸ್ಯಾಪೂರಣ ಕಾವ್ಯ ಅದು. ವಿರಹಿ ಯಕ್ಷನ ಮಾತುಗಳು ಅಲ್ಲಿ ವೈರಿ ಯಕ್ಷನ ಬಾಯಲ್ಲಿ ಬರುತ್ತವೆ. ಪ್ರಿಯೆಯನ್ನಗಲಿದ ಗಡೀಪಾರಿನ ದುಃಖ ಕಮಠನ ದುಃಖವಾಗುತ್ತದೆ. ವಿದ್ವಾಂಸರು ಇದನ್ನು ಚಮತ್ಕಾರವೆಂದು ಮೆಚ್ಚಿ ಮುಂದೆ ಸಾಗುವುದೇ ಹೆಚ್ಚು. ನನಗೆ ಇದು ತೀಕ್ಷ್ಣವಾದ ವಿಮರ್ಶೆಯಾಗಿ ಕಾಣುತ್ತದೆ. ತನ್ನ ವಿರಹವನ್ನೇ ಜಗತ್ತಿನ ಏಕೈಕ ಸತ್ಯವೆಂದು ಹಿಡಿದವನ ಬಾಯಲ್ಲಿ ಅತ್ಯಂತ ಕೋಮಲವಾದ ಮಾತೂ ಹಿಂಸೆಗೆ ಒದಗಬಲ್ಲದು ಎಂಬುದನ್ನು ಜಿನಸೇನರು ಕಂಡಿದ್ದರು. ಹೀತ್‌ಕ್ಲಿಫ್‌ನನ್ನು ಓದಲು ಇದಕ್ಕಿಂತ ಉತ್ತಮವಾದ ಕೀಲಿ ದೊರೆಯಲಾರದು. ಕ್ಯಾಥರೀನಳ ಶವಪೆಟ್ಟಿಗೆಯನ್ನು ತೆರೆಸಿ ಮುಖವನ್ನು ನೋಡುವ ಅವನ ಆರ್ತತೆ ನಿಜವಾದುದು. ಅವಳ ಮಗಳನ್ನು ಕೂಡಿಹಾಕಿ, ಸಾಯುತ್ತಿರುವ ತನ್ನ ಮಗನೊಡನೆ ಬಲವಂತವಾಗಿ ಮದುವೆ ಮಾಡಿಸುವ ಕ್ರೌರ್ಯವೂ ಅಷ್ಟೇ ನಿಜವಾದುದು. ಮೊದಲನೆಯದು ಎರಡನೆಯದಕ್ಕೆ ಕ್ಷಮಾಪಣೆಯಲ್ಲ, ಕಾರಣ.

ಹೋಲಿಕೆಯನ್ನು ಇನ್ನಷ್ಟು ಬಿಗಿಯಾಗಿ ನಡೆಸಬಹುದು. ಲಿವರ್‌ಪೂಲಿನ ಬೀದಿಯಿಂದ ಅರ್ನ್‌ಶಾ ಮನೆಗೆ ಬಂದ ಅನಾಥ ಹೀತ್‌ಕ್ಲಿಫ್ ಮೊದಲು ಅನ್ಯಾಯಕ್ಕೊಳಗಾದವನು. ಯಜಮಾನನ ಮಗ ಹಿಂಡ್ಲಿ ಅವನನ್ನು ಆಳಿನ ಮಟ್ಟಕ್ಕಿಳಿಸಿ ಅಕ್ಷರದಿಂದ ದೂರವಿಡುತ್ತಾನೆ. ಕ್ಯಾಥರೀನ್ ಅಂತಸ್ತಿಗಾಗಿ ಎಡ್ಗರ್ ಲಿಂಟನ್‌ನನ್ನು ವರಿಸುತ್ತಾಳೆ. ಮೂರು ವರ್ಷ ಕಣ್ಮರೆಯಾಗಿ ಹಣ ಮತ್ತು ನಾಗರಿಕತೆಗಳನ್ನು ಗಳಿಸಿ ಮರಳುವ ಹೀತ್‌ಕ್ಲಿಫ್ ಜೂಜಿನ ಸಾಲದ ಮೂಲಕ ಹಿಂಡ್ಲಿಯ ಆಸ್ತಿಯನ್ನು ಅಡವಿಗೆ ಪಡೆಯುತ್ತಾನೆ, ಎಡ್ಗರನ ತಂಗಿ ಇಸಬೆಲ್ಲಾಳನ್ನು ಮದುವೆಯಾಗಿ ಹಿಂಸಿಸುತ್ತಾನೆ, ಹಿಂಡ್ಲಿಯ ಮಗ ಹೇರ್ಟನ್‌ನನ್ನು ತಾನು ಬೆಳೆದಂತೆಯೇ ನಿರಕ್ಷರಿಯಾಗಿ ಬೆಳೆಸುತ್ತಾನೆ. ಮರುಭೂತಿಯಂತೆ ತೊಡಗಿ ಕಮಠನಾಗಿ ಮುಂದುವರಿದ ಜೀವ ಇದು. ಅವನ ಮೂರು ವರ್ಷಗಳ ಅಜ್ಞಾತವಾಸ ಕಮಠನ ತಪಸ್ಸಿಗೆ ಸಮಾನ. ಕಷಾಯ ಉಪಶಮಿಸದವನ ತಪಸ್ಸು ಕೊಟ್ಟದ್ದು ಶಕ್ತಿಯನ್ನು ಮಾತ್ರ. ಎತ್ತಿ ಹಿಡಿದ ಬಂಡೆ ಸಮಯ ಬಂದಾಗ ಆಯುಧವಾಯಿತು.

ಪುರಾಣಕಾರನ ಭವಾವಳಿಗೆ ಬ್ರಾಂಟೆಯಲ್ಲಿ ವಂಶಾವಳಿ ಪರ್ಯಾಯವಾಗಿದೆ. ಹಳೆಯ ಮನೆಯ ಬಾಗಿಲಿನ ಮೇಲೆ 1500ನೆಯ ಇಸವಿಯೊಡನೆ ಕೆತ್ತಿರುವ ಹೇರ್ಟನ್ ಅರ್ನ್‌ಶಾ ಎಂಬ ಹೆಸರೇ ಕೊನೆಯ ಪೀಳಿಗೆಯ ಹುಡುಗನ ಹೆಸರು. ಕಿಟಕಿಯ ಬಳಿ ಗೀಚಿರುವ ಮೂರು ಹೆಸರುಗಳು ಕ್ಯಾಥರೀನ್ ಅರ್ನ್‌ಶಾ, ಕ್ಯಾಥರೀನ್ ಹೀತ್‌ಕ್ಲಿಫ್, ಕ್ಯಾಥರೀನ್ ಲಿಂಟನ್. ತಾಯಿ ಅರ್ನ್‌ಶಾ ಆಗಿ ಹುಟ್ಟಿ ಲಿಂಟನ್ ಆಗಿ ಸತ್ತಳು. ಮಗಳು ಲಿಂಟನ್ ಆಗಿ ಹುಟ್ಟಿ, ಹೀತ್‌ಕ್ಲಿಫ್ ಎಂಬ ಹೆಸರನ್ನು ದಾಟಿ, ಅರ್ನ್‌ಶಾ ಆಗಲಿದ್ದಾಳೆ. ಒಂದೇ ಹೆಸರು ಹಿಂದಿನ ಸಾಲವನ್ನು ಹೊತ್ತು ಮತ್ತೊಂದು ದೇಹಕ್ಕೆ ಬರುತ್ತದೆ. ಜನ್ನನಲ್ಲಿ ಇದು ಮತ್ತೂ ನಿಷ್ಠುರ. ನವಿಲಾಗಿ ಹುಟ್ಟಿದ ಯಶೋಧರ ನಾಯಿಯಾಗಿ ಹುಟ್ಟಿದ ತನ್ನ ತಾಯಿಯ ಬಾಯಿಗೆ ಬೀಳುತ್ತಾನೆ; ಕೊನೆಯಲ್ಲಿ ತನ್ನ ಮಗ ಯಶೋಮತಿಯ ಬಾಣಕ್ಕೆ ಸಿಕ್ಕಿ ಸತ್ತು ಅವನ ಮಗನಾಗಿಯೇ ಜನಿಸುತ್ತಾನೆ. ಜನ್ಮಾಂತರವನ್ನು ನಂಬದ ಓದುಗನೂ ಇಲ್ಲಿನ ಸತ್ಯವನ್ನು ತಳ್ಳಿಹಾಕಲಾರ. ಹಿಂಸೆಯ ಫಲ ಅದನ್ನು ಮಾಡಿದವನ ಆಯುಷ್ಯದೊಳಗೆ ಮುಗಿಯುವುದಿಲ್ಲ, ಅವನ ಮನೆಯಲ್ಲಿಯೇ ಮರಳಿ ಹುಟ್ಟುತ್ತದೆ.

ವೈರದ ಆಯುಷ್ಯವನ್ನು ಅಳೆಯಲು ಜೈನಶಾಸ್ತ್ರದಲ್ಲಿ ಒಂದು ಅಳತೆಗೋಲು ಇದೆ. ಚಾವುಂಡರಾಯನ ಕಾಲದ ಆಚಾರ್ಯ ನೇಮಿಚಂದ್ರರ ‘ಗೊಮ್ಮಟಸಾರ’ ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸುತ್ತದೆ: ಬಂಡೆಯ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಭವಭವಗಳಿಗೆ ಬೆನ್ನಟ್ಟುವ ಅನಂತಾನುಬಂಧಿ ಕಷಾಯ ಇವುಗಳಲ್ಲಿ ಮೊದಲನೆಯದಕ್ಕೆ ಸಲ್ಲುವಂತಹುದು. ಈ ಕೋಲನ್ನು ಹಿಡಿದು ಬ್ರಾಂಟೆಯ ಪಾತ್ರಗಳನ್ನು ಅಳೆದು ನೋಡಬೇಕು. ಹೀತ್‌ಕ್ಲಿಫ್‌ನದು ನಿಸ್ಸಂದೇಹವಾಗಿ ಬಂಡೆಯ ಗೆರೆ. ಅವನಿಂದ ಆಸ್ತಿಯನ್ನೂ ಅಕ್ಷರವನ್ನೂ ಮರ್ಯಾದೆಯನ್ನೂ ಕಳೆದುಕೊಂಡ ಹೇರ್ಟನ್‌ನದು ನೀರಿನ ಗೆರೆ. ತನ್ನ ಓದನ್ನು ಹಾಸ್ಯಮಾಡಿದ ಕ್ಯಾಥಿಯ ಮೇಲೆ ಮುನಿದು ಪುಸ್ತಕಗಳನ್ನು ಬೆಂಕಿಗೆ ಹಾಕುವ ಆ ಹುಡುಗ, ಅವಳೇ ಕೊಟ್ಟ ಪುಸ್ತಕದಿಂದ ಅಕ್ಷರ ಕಲಿಯುತ್ತಾನೆ. ಹೀತ್‌ಕ್ಲಿಫ್ ಸತ್ತಾಗ ಮನಸಾರೆ ಅಳುವವನು ಅವನೊಬ್ಬನೇ. ಅತಿ ಹೆಚ್ಚು ವಂಚಿತನಾದವನು ವಂಚಕನ ಶವದ ಬಳಿ ಕುಳಿತು ಅಳುವ ಆ ಘಟನೆ ನನ್ನ ಓದಿನಲ್ಲಿ ಕಾದಂಬರಿಯ ಶಿಖರ. ಚಲನಚಿತ್ರಗಳು ಕತ್ತರಿಸಿದ್ದು ಇದನ್ನೇ.

ಹಾಗೆಂದು ಎರಡು ಅಂತ್ಯಗಳೂ ಒಂದೇ ಎನ್ನುವುದು ಅವಸರದ ಮಾತಾದೀತು. ಹೀತ್‌ಕ್ಲಿಫ್ ಕೊನೆಗೆ ಸೇಡಿನ ರುಚಿಯನ್ನು ಕಳೆದುಕೊಳ್ಳುತ್ತಾನೆ. ಇಬ್ಬರು ಶತ್ರುಗಳ ಮಕ್ಕಳು ಕೈಗೆಟುಕುವಂತೆ ಕುಳಿತಿದ್ದರೂ ಹೊಡೆಯಲು ಅವನ ಕೈ ಏಳುವುದಿಲ್ಲ. ಆದರೆ ಅವನು ಪಶ್ಚಾತ್ತಾಪಪಡುವುದಿಲ್ಲ. ತಾನು ಅನ್ಯಾಯವನ್ನೇ ಮಾಡಿಲ್ಲವೆಂದು ಸಾಯುವವರೆಗೂ ಹೇಳುತ್ತಾನೆ. ಅವನಲ್ಲಿ ವೈರ ತೀರಿದ್ದು ದಣಿವಿನಿಂದ. ಶಂಬರನಲ್ಲಿ ಅದು ತೀರುವುದು ಎದುರಿಗಿದ್ದವನ ಸಮತೆಯನ್ನು ಕಂಡು. ದಣಿದ ವೈರ ಮತ್ತೆ ಚಿಗುರಬಹುದು. ಬ್ರಾಂಟೆಯ ಬಯಲಿನಲ್ಲಿ ಇಂದಿಗೂ ಎರಡು ಪ್ರೇತಗಳು ಅಲೆಯುತ್ತಿವೆಯೆಂದು ಊರವರು ನಂಬುವುದು ಅದಕ್ಕೇ ಇರಬೇಕು.

ನಿರೂಪಣೆಯಲ್ಲಿಯೂ ಗಮನಿಸಬೇಕಾದ ಭೇದವಿದೆ. ಭವಾವಳಿಯನ್ನು ಹೇಳುವವನು ಹಿಂದಿನ ಜನ್ಮಗಳನ್ನು ಬಲ್ಲವನು; ಅವನ ತೀರ್ಪಿಗೆ ಅಪೀಲು ಇಲ್ಲ. ಬ್ರಾಂಟೆಯಲ್ಲಿ ಕಥೆಯನ್ನು ಹೇಳುವವಳು ಮನೆಗೆಲಸದ ನೆಲ್ಲಿ ಡೀನ್, ಕೇಳಿ ಬರೆದುಕೊಳ್ಳುವವನು ಹೊರಗಿನವನಾದ ಲಾಕ್‌ವುಡ್. ನೆಲ್ಲಿಗೆ ತನ್ನ ಒಲವು ಮುನಿಸುಗಳಿವೆ. ಕೆಲವು ಅನಾಹುತಗಳಲ್ಲಿ ಅವಳ ಪಾಲೂ ಇದೆ. ಆದ್ದರಿಂದ ತೀರ್ಪಿನ ಹೊರೆ ಓದುಗನ ಹೆಗಲಿಗೆ ಬೀಳುತ್ತದೆ. ಪುರಾಣಗಳ ದೌರ್ಬಲ್ಯವೂ ಇಲ್ಲಿಯೇ ಕಾಣುತ್ತದೆ. ವಸುಂಧರಿ ಏನಾದಳು? ಹತ್ತು ಭವಗಳ ವೈರಕ್ಕೆ ಮೊದಲ ಕಾರಣವೆನಿಸಿದ ಹೆಣ್ಣು ಕಥೆಯಿಂದ ಸದ್ದಿಲ್ಲದೆ ಮರೆಯಾಗುತ್ತಾಳೆ. ಅವಳ ಮನಸ್ಸನ್ನು ಯಾರೂ ಕೇಳುವುದಿಲ್ಲ. ಜನ್ನ ಅಮೃತಮತಿಗೆ ಒಂದಿಷ್ಟು ಮನಸ್ಸನ್ನು ಕೊಟ್ಟ, ಆಮೇಲೆ ನರಕಕ್ಕೆ ಕಳಿಸಿದ. ಕ್ಯಾಥರೀನಳ ತಪ್ಪು ಒಪ್ಪುಗಳನ್ನು ಅವಳದೇ ಮಾತಿನಲ್ಲಿ ಕೇಳಿಸುವ ಬ್ರಾಂಟೆಯಿಂದ ನಾವು ಕಲಿಯಬೇಕಾದುದು ಇದೆ. ಶ್ರದ್ಧೆಯಿಂದ ಓದುವವರು ಈ ಮಾತನ್ನು ಆಡಲು ಹಿಂಜರಿಯಬೇಕಾಗಿಲ್ಲ.

ಇನ್ನೊಂದು ಆಕ್ಷೇಪವಿದೆ, ಅದು ಹೆಚ್ಚು ಗಂಭೀರವಾದುದು. ಕ್ಷಮೆಯನ್ನು ಕೊಂಡಾಡುವ ಸಾಹಿತ್ಯ ತುಳಿಯಲ್ಪಟ್ಟವನ ಬಾಯಿ ಮುಚ್ಚಿಸುವುದಿಲ್ಲವೇ? ಕುಲಗೋತ್ರವಿಲ್ಲದ, ಬಣ್ಣ ಬೇರೆಯಾದ ಹುಡುಗನೆಂದು ಹೀತ್‌ಕ್ಲಿಫ್‌ನನ್ನು ಹಿಂಸಿಸಿದವರ ಲೆಕ್ಕವೇನು? ಇದಕ್ಕೆ ಈ ಸೀಮೆಯ ನೆನಪಿನಿಂದಲೇ ಉತ್ತರಿಸಬಹುದು. 1824ರ ಕಿತ್ತೂರಿನ ಹೋರಾಟ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಚನ್ನಮ್ಮನ ಮರಣ, 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಗಲ್ಲು, ಇವುಗಳ ಹಿಂದಿನ ದ್ರೋಹವನ್ನು ಇಲ್ಲಿನ ಲಾವಣಿಗಳು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ನೆನಪು ಬೇರೆ, ವೈರ ಬೇರೆ. ದ್ರೋಹವನ್ನು ದ್ರೋಹವೆಂದು ಹೆಸರಿಸುವುದು ನೆನಪು; ದ್ರೋಹಿಯ ಮೊಮ್ಮಗನ ಮನೆಗೆ ಬೆಂಕಿ ಇಡುವುದು ವೈರ. ಪಾರ್ಶ್ವಕಥೆಯೂ ಕಮಠನಿಗೆ ಅರವಿಂದರಾಜನು ವಿಧಿಸಿದ ಶಿಕ್ಷೆಯನ್ನು ತಪ್ಪೆನ್ನುವುದಿಲ್ಲ. ಕ್ಷಮೆ ಸುರಕ್ಷಿತವೆಂದು ಆಶ್ವಾಸನೆಯನ್ನೂ ಕೊಡುವುದಿಲ್ಲ. ಕ್ಷಮೆ ಕೇಳಲು ಹೋದ ಮರುಭೂತಿ ಪ್ರಾಣವನ್ನೇ ತೆತ್ತ. ಸಾಯುವ ಕ್ಷಣದ ಆರ್ತಧ್ಯಾನದಿಂದ ಅವನೂ ಪ್ರಾಣಿಜನ್ಮಕ್ಕೆ ಇಳಿದ ಎನ್ನುವಲ್ಲಿ ನಿರಪರಾಧಿಯನ್ನೂ ಪುರಾಣ ಸುಲಭವಾಗಿ ಬಿಡುಗಡೆ ಮಾಡಿಲ್ಲ.

ಸವದತ್ತಿಯ ಗುಡ್ಡವೇ ಇಂಥ ಪ್ರತೀಕಾರದ ಕಥೆಯೊಂದನ್ನು ಹೊತ್ತು ನಿಂತಿದೆ. ರೇಣುಕೆ, ಜಮದಗ್ನಿ, ಪರಶುರಾಮ, ಕಾರ್ತವೀರ್ಯರ ಕಥೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಪ್ರತಿಯೊಬ್ಬ ಭಕ್ತನಿಗೂ ಗೊತ್ತು. ತಂದೆಯ ಕೊಲೆಗೆ ಪ್ರತಿಯಾಗಿ ಮಗ ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಸಂಹರಿಸುವಲ್ಲಿಗೆ ಆ ಕಥೆ ಸಾಮಾನ್ಯವಾಗಿ ನಿಲ್ಲುತ್ತದೆ. ಗುಣಭದ್ರರ ‘ಉತ್ತರಪುರಾಣ’ ನಿಲ್ಲಿಸುವುದಿಲ್ಲ. ಗರ್ಭಿಣಿಯಾಗಿ ಆಶ್ರಮದಲ್ಲಿ ಅಡಗಿದ ರಾಣಿಯ ಮಗ ಸುಭೌಮ ಬೆಳೆದು ಪರಶುರಾಮನನ್ನು ಕೊಂದು ಚಕ್ರವರ್ತಿಯಾಗುತ್ತಾನೆ; ಮುಂದೆ ತಾನೇ ಕೊಲ್ಲಿಸಿದ ಅಡುಗೆಯವನ ಜೀವ ದೇವನಾಗಿ ಮರಳಿ ಬಂದು ಸೇಡು ತೀರಿಸಿಕೊಳ್ಳುತ್ತದೆ; ಚಕ್ರವರ್ತಿ ನರಕಕ್ಕೆ ಇಳಿಯುತ್ತಾನೆ. ಗೆದ್ದವನ ಉತ್ತರಾರ್ಧವನ್ನೂ ಬರೆದಾಗ ಯಾವ ಸೇಡೂ ವಿಜಯವಾಗಿ ಉಳಿಯುವುದಿಲ್ಲ. ಆ ಗುಡ್ಡದ ನೆರಳಿನಲ್ಲಿ ಆಳಿದ ರಟ್ಟರಲ್ಲಿ ನಾಲ್ವರು ಅರಸರಿಗೆ ಕಾರ್ತವೀರ್ಯನೆಂಬ ಹೆಸರಿದ್ದುದು, ಅವರ ರಾಜಗುರು ಮುನಿಚಂದ್ರ ಮಂತ್ರಾಲೋಚನೆಯಲ್ಲಿಯೂ ಯುದ್ಧವಿದ್ಯೆಯಲ್ಲಿಯೂ ನಿಪುಣನಾಗಿದ್ದುದು ಇಲ್ಲಿ ನೆನೆಯತಕ್ಕ ಸಂಗತಿಗಳು. ಪಾರ್ಶ್ವಪಂಡಿತ ಅಹಿಂಸೆಯ ಕಥೆಯನ್ನು ಹೇಳಿದ್ದು ವಿರಕ್ತರ ಸಭೆಗಲ್ಲ, ಕತ್ತಿ ಹಿಡಿದವರ ಸಭೆಗೆ. ಅದನ್ನು ಕೇವಲ ಮತಪ್ರಚಾರವೆಂದು ಕರೆಯುವವರು ಆ ಸಭೆಯನ್ನು ಒಮ್ಮೆ ಕಲ್ಪಿಸಿಕೊಳ್ಳಲಿ.

ನಮ್ಮ ಸಾಹಿತ್ಯ ವಿದ್ಯಾರ್ಥಿಗಳು ‘ವುದರಿಂಗ್ ಹೈಟ್ಸ್’ ಕುರಿತು ಬರೆಯುವಾಗ ಗೋಥಿಕ್ ಲಕ್ಷಣಗಳ ಪಟ್ಟಿಯನ್ನು ತಪ್ಪದೆ ಕೊಡುತ್ತಾರೆ: ಪ್ರೇತ, ಬಿರುಗಾಳಿ, ಪಾಳು ಮನೆ. ಚಂಪೂಕಾವ್ಯಗಳ ಕುರಿತು ಬರೆಯುವಾಗ ಅಷ್ಟಾದಶ ವರ್ಣನೆಗಳ ಪಟ್ಟಿಯನ್ನು ಕೊಡುತ್ತಾರೆ. ಎರಡೂ ಪಟ್ಟಿಗಳು ಕಥೆಯ ಹೊರಗೋಡೆಗಳು. ಒಳಗಿರುವ ಪ್ರಶ್ನೆ ಒಂದೇ: ನೊಂದವನು ನೋಯಿಸುವವನಾಗಿ ಬದಲಾಗುವುದು ಯಾವ ಗಳಿಗೆಯಲ್ಲಿ, ಆ ಸರಪಳಿಯನ್ನು ಕಡಿಯುವವರು ಯಾರು? ಬೆಳಗಾವಿ ಸೀಮೆಯ ಯಾವುದೇ ಸ್ನಾತಕೋತ್ತರ ತರಗತಿಯಲ್ಲಿ ಬ್ರಾಂಟೆಯ 17ನೆಯ ಅಧ್ಯಾಯದಿಂದ ಮುಂದಿನ ಭಾಗವನ್ನೂ ಪಾರ್ಶ್ವಪಂಡಿತನ ಭವಾವಳಿಯನ್ನೂ ಒಂದೇ ಅವಧಿಯಲ್ಲಿ ಎದುರುಬದುರಾಗಿ ಇಟ್ಟು ಓದಿಸಬೇಕೆಂಬುದು ನನ್ನ ಸಲಹೆ. ಇಂಗ್ಲಿಷ್ ವಿಭಾಗಕ್ಕೂ ಕನ್ನಡ ವಿಭಾಗಕ್ಕೂ ನಡುವೆ ಇರುವುದು ಒಂದು ಗೋಡೆ ಮಾತ್ರ. ಅದನ್ನು ದಾಟಲು ಹೊಸ ಸಿದ್ಧಾಂತವೇನೂ ಬೇಕಿಲ್ಲ. ಎರಡು ಪುಸ್ತಕಗಳನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆ ಇದ್ದರೆ ಸಾಕು.